ಹಾರ ತೆಗೆದ ಹೋಮ್ ಪೇಜು

ಅಜ್ಜಂಪುರ
೧೮ ನವೆಂಬರ್ ೨೦೨೪

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ತವರಿಗೆ ಹೋದ ಮೇಲಾದರೂ ಮಂಡಿನೋವು ಕಡಿಮೆಯಾಯಿತೋ, ಇಲ್ಲ ಸಿಂಗಟಗೆರೆಯಲ್ಲೂ ಒಲೆಯ ಮುಂದೆಯೇ ಕೂತಿದ್ದೀಯೋ? ಅಜ್ಜಿ ಊಟ ಮಾಡುತ್ತಿದ್ದಾರಾ? ನಿನ್ನ ಮುಖ ಮುಟ್ಟಿ ನೋಡಿದ ಮೇಲಾದರೂ ಮಗಳು ಬದುಕಿದ್ದಾಳೆ ಅಂತ ನಂಬಿದರಾ? ನೀನು ಸತ್ತೆ ಅಂತ ಸುದ್ದಿ ಹಬ್ಬಿಸಿದವನೇ ನಿನ್ನ ಆರೋಗ್ಯ ವಿಚಾರಿಸುವುದು ನಾಚಿಕೆಗೇಡು, ಗೊತ್ತು. ಫೋನ್ ಮಾಡಿದರೆ ಪ್ರಸನ್ನಕುಮಾರ್ ಮಾವ ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸಿ ನಗುತ್ತಾರೆ. ಅದಕ್ಕೇ ಈ ಕಾಗದ. ಸಂಜೆಯ ಬಸ್ಸಿಗೆ ಆ ಕಡೆ ಬರುವ ತಿಪ್ಪೇಶನ ಕೈಲಿ ಕಳಿಸುತ್ತಿದ್ದೇನೆ.

ಅಮ್ಮಾ, ನಾನು ಮಾಡಲು ಹೊರಟಿದ್ದೇನು, ಆಗಿದ್ದೇನು! ಹೆಂಗಸರ ದುಡಿಮೆ ಬಗ್ಗೆ ಆ ಕೆಂಪು ರಟ್ಟಿನ ಕಿರುಹೊತ್ತಿಗೆ ಓದಿದಾಗಿನಿಂದ ನಮ್ಮ ಚಟ್ನಿಪುಡಿ ಪೊಟ್ಟಣ ನೋಡಿದರೇ ನನಗೆ ಮೈ ಉರಿಯುತ್ತಿತ್ತು. ಹುಚ್ಚೆಳ್ಳು ಆರಿಸುವವಳು ನೀನು, ಹುರಿಯುವವಳು ನೀನು, ಮಿಲ್ಲಿನಲ್ಲಿ ಸಾಲು ನಿಲ್ಲುವವಳು ನೀನು. ಪೊಟ್ಟಣದ ಮೇಲೆ ಮಾತ್ರ ಅಪ್ಪನ ಹೆಸರು, ಅಪ್ಪನ ಫೋನ್ ನಂಬರು. ವೆಬ್‌ಸೈಟಿನಲ್ಲಾದರೂ ಈ ಅನ್ಯಾಯ ಸರಿಮಾಡಬೇಕು ಅಂತ ಹಟ ಹಿಡಿದೆ. ಕಡೂರಿನಲ್ಲಿ ಸಣ್ಣ ವ್ಯಾಪಾರದವರಿಗೆ ಹಂಚಿದ ಇನ್ನೊಂದು ಪುಸ್ತಿಕೆಯನ್ನೂ ಓದಿದ್ದೆ. ಹೋಮ್ ಪೇಜು ಅಂದರೆ ಅಂಗಡಿಯ ಬಾಗಿಲಿದ್ದ ಹಾಗೆ. ಕಣ್ಣು ಹಾಯಿಸಿದ ಕೂಡಲೇ ಇವರು ಯಾರು, ಏನು ಮಾರುತ್ತಾರೆ, ಬೇಕಾದರೆ ಏನು ಮಾಡಬೇಕು ಅನ್ನುವುದು ತಿಳಿಯಬೇಕು. ದೊಡ್ಡದೊಂದು ಫೋಟೋ, ಒಂದು ಸಾಲು, ಒಂದು ಬಟನ್ನು ಸಾಕು ಅಂತ ಅದರಲ್ಲಿತ್ತು. ನಾನು 'ಯಾರು' ಅನ್ನುವುದರಲ್ಲೇ ನಿಂತುಬಿಟ್ಟೆ. ನೀನು ಒಬ್ಬಳೇ ಇರುವ ಫೋಟೋ ನಮ್ಮ ಮನೆಯಲ್ಲಿ ಒಂದೇ ಒಂದು, ತರೀಕೆರೆಯಲ್ಲಿ ಸ್ತ್ರೀಶಕ್ತಿ ಸಂಘದವರು ಹಾರ ಹಾಕಿ ಸನ್ಮಾನ ಮಾಡಿದಾಗ ತೆಗೆದದ್ದು. ಅದನ್ನೇ ಹಾಕಿದೆ. ಎದ್ದು ಕಾಣಲಿ ಅಂತ ಹಿಂದೆ ಕಪ್ಪು ಬಣ್ಣ ಬಳಿದೆ. ಕೆಳಗೆ ಯಶೋದಮ್ಮ ಅಂತ ದಪ್ಪಕ್ಷರ. ಅದರ ಕೆಳಗೆ, ನೀನು ಪುಡಿ ಮಾಡಲು ಶುರುಮಾಡಿದ ವರ್ಷದಿಂದ ಇವತ್ತಿನವರೆಗೆ ಅಂತ, 1999–2024. ಆಮೇಲೆ ನಾನೇ ಕಟ್ಟಿದ ಸಾಲು: 'ದುಡಿಯುವ ಕೈಗಳಿಗೆ ಸಾವಿಲ್ಲ'. ಕೊನೆಗೆ ಅಪ್ಪನ ಹೆಸರು, ಕಲ್ಲೇಶಪ್ಪ ಮತ್ತು ಕುಟುಂಬ. ಚಟ್ನಿಪುಡಿಯ ಮಾತು, ಫೋನ್ ಬಟನ್ನು ಎಲ್ಲ ಅದಕ್ಕೂ ಕೆಳಗೆ.

ಈಗ ಬರೆಯುವಾಗ ನನಗೇ ಕಾಣುತ್ತಿದೆ. ಆವತ್ತು ಕಾಣಲಿಲ್ಲ. ನಮ್ಮ ಬಸ್ ಸ್ಟ್ಯಾಂಡಿನ ಕಂಬಕ್ಕೆ ವಾರಕ್ಕೊಂದರಂತೆ ಕಟ್ಟುವ ಶ್ರದ್ಧಾಂಜಲಿ ಫ್ಲೆಕ್ಸಿಗೂ ನಾನು ಮಾಡಿದ್ದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬೆಳಿಗ್ಗೆ ಅದನ್ನು ನೆಂಟರ ಗ್ರೂಪು, ಗಿರಾಕಿಗಳ ಗ್ರೂಪು ಎಲ್ಲಕ್ಕೂ ಕಳಿಸಿ, ಲೇಬಲ್ ಅಚ್ಚು ಹಾಕಿಸಲು ಕಡೂರಿಗೆ ಹೊರಟೆ. ದಾರಿಯಲ್ಲಿ ಫೋನಿನ ಚಾರ್ಜು ಮುಗಿಯಿತು. ನೀನು ಫೋನು ಮನೆಯಲ್ಲಿಟ್ಟು ಮಿಲ್ಲಿಗೆ ಹೋಗಿದ್ದೆ. ಅಪ್ಪ ತರೀಕೆರೆಯಲ್ಲಿದ್ದರು. ಸತ್ತಿಲ್ಲ ಅಂತ ಹೇಳಲು ಯಾರೂ ಇರಲಿಲ್ಲ.

ವಾಪಸ್ ಬಂದಾಗ ನಮ್ಮ ಬಾಗಿಲ ಮುಂದೆ ಜನ. ಜಗಲಿಯ ಮೇಲೆ ಹೆಣ ಕೂರಿಸಲು ಕುರ್ಚಿ ಇಟ್ಟಿದ್ದರು, ಪಕ್ಕದಲ್ಲಿ ವಿಭೂತಿ ತಟ್ಟೆ. ಯಾರೋ ನನ್ನ ಭುಜ ಹಿಡಿದು 'ಧೈರ್ಯ ತಂದ್ಕೊಳಪ್ಪಾ' ಅಂದರು. ಅಮ್ಮಾ, ನಾನೇ ಮಾಡಿದ ಪುಟ ನಂಬಿ ಬಂದವರನ್ನು ನೋಡಿ ನಾನೂ ನಂಬಿಬಿಟ್ಟೆ. ಮಿಲ್ಲಿನ ಬೆಲ್ಟಿಗೆ ಸೆರಗು ಸಿಕ್ಕಿರಬೇಕು ಅಂತ ಕಣ್ಣಿಗೆ ಕಟ್ಟಿತು. ಅಲ್ಲೇ ನೆಲದ ಮೇಲೆ ಕೂತೆ. ಎದುರುಮನೆ ಕೆಂಚಮ್ಮ ಎದೆ ಬಡಿದುಕೊಂಡು ಹಾಡಿ ಅಳುತ್ತಿದ್ದಳು: 'ನಮ್ಮನೆಯೋರ್ಗೆ ಬಿಪಿ ಅಂತ ಉಪ್ಪು ಕಮ್ಮಿ ಹಾಕಿ ಬ್ಯಾರೇನೇ ಕಟ್ಕೊಡ್ತಿದ್ಯಲ್ಲೇ ಯಶೋದೀ, ಇನ್ಯಾರೇ ಕೇಳ್ತಾರೆ ನಮ್ಮನೆ ಉಪ್ಪು-ಖಾರ!' ಪಕ್ಕದಲ್ಲಿದ್ದ ಮುದುಕಿ, 'ಹಲ್ಲಿಲ್ಲ ಅಂತ ನಂಗೆ ನುಣ್ಣಗೆ ಬೀಸ್ಕೊಡೋಳು' ಅಂತ ಸೇರಿಸಿದಳು. ಅಷ್ಟರಲ್ಲಿ ನೀನು ಡಬ್ಬ ಸೊಂಟಕ್ಕಿಟ್ಟುಕೊಂಡು, ಮುಖಕ್ಕೆಲ್ಲ ಪುಡಿ ಮೆತ್ತಿಕೊಂಡು ಬಂದು, 'ಅಯ್ಯೋ, ಯಾರ್ಗೇನಾಯ್ತ್ರೇ?' ಅಂತ ಕೂಗಿದೆ. ಕೆಂಚಮ್ಮ ಹೋಗಿ ಕುರ್ಚಿಯ ಹಿಂದೆ ಅವಿತುಕೊಂಡಳು. ನನಗೆ ನಗು ಬರಲಿಲ್ಲ. ಈಗಲೂ ಬರುವುದಿಲ್ಲ.

ಅಪ್ಪ ಯಾರದೋ ಬೈಕಿನಲ್ಲಿ ಬಂದಿಳಿದಾಗ ಅತ್ತು ಅತ್ತು ಕಣ್ಣು ಕೆಂಡವಾಗಿತ್ತು. ಅವರು ಅತ್ತದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ನಿನ್ನನ್ನು ಕಂಡು ಉಸಿರು ಬಿಟ್ಟವರೇ ಚಪ್ಪಲಿ ಕೈಗೆ ತಗೊಂಡು 'ಯಾವನ್ಲೇ ಇದ್ನ ಮಾಡಿದ್ದು?' ಅಂದರು. ನಾನು ಬಾಯಿ ತೆರೆಯುವ ಮೊದಲೇ ನೀನು ಅಡ್ಡ ಬಂದು ಹೇಳಿದೆ: 'ಸುಮ್ನಿರ್ರೀ. ಮೊನ್ನೆ ಹಿತ್ತಲಲ್ಲಿ ಕಾಗೆ ತಲೆ ಮುಟ್ತು. ನಾನೇ ಸುದ್ದಿ ಕಳ್ಸು ಅಂದಿದ್ದೆ.' ಎಲ್ಲರ ಮುಖವೂ ಒಂದೇ ಸಲ ಅರಳಿತು. ಕಾಗೆ ತಲೆ ಮುಟ್ಟಿದರೆ ಸತ್ತರು ಅಂತ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು, ಅವರು ನಿಜವಾಗಿ ಅತ್ತರೆ ದೋಷ ಕಳೆಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. 'ಈಗ ಕಂಪ್ಯೂಟ್ರಲ್ಲೇ ಕಳಿಸ್ಬಿಡೋದಾ! ಭಾಳ ಅನುಕೂಲ ಕಣ್ರೀ' ಅಂತ ನಗುತ್ತ, ನಿನ್ನ ಕೈಯಿಂದಲೇ ಕಾಫಿ ಕುಡಿದು ಹೋದರು.

ನನಗೆ ಎಲ್ಲಕ್ಕಿಂತ ದೊಡ್ಡ ಆಘಾತ ಅದೇ ಅಮ್ಮಾ. ಮೌಢ್ಯದ ವಿರುದ್ಧ ಸಂತೆಯಲ್ಲಿ ನಿಂತು ಕರಪತ್ರ ಹಂಚಿದವನು ನಾನು. ಕಾಗೆ ಬರೀ ಹಕ್ಕಿ ಅಂತ ಗಂಟಲು ಹರಿದುಕೊಂಡವನು ನಾನು. ಚಪ್ಪಲಿ ಏಟಿನಿಂದ ನನ್ನನ್ನು ಉಳಿಸಲು ನೀನು ಆ ಕಾಗೆಯನ್ನೇ ಹಾರಿಸಿದೆ. ನಿನ್ನೆ ದೇವನೂರಿನಿಂದ ಒಬ್ಬರು ಬಂದು, 'ನಮ್ಮತ್ತೆಗೆ ಕಾಗೆ ಮುಟ್ಟೈತೆ, ನಿಮ್ಮ ತಾಯಿಗೆ ಮಾಡ್ದಂಗೇ ಒಂದು ಮಾಡ್ಕೊಡಪ್ಪಾ' ಅಂತ ಅವರತ್ತೆಯ ಫೋಟೋ ಮುಂದಿಟ್ಟರು. ನಾನು ಮಾಡಿದ ಮೊದಲ ವೆಬ್‌ಸೈಟು, ಅದಕ್ಕೆ ಬಂದ ಮೊದಲ ಗಿರಾಕಿ!

ಬಸ್ಸು ಹತ್ತುವಾಗ ನೀನು 'ಅಳಿಸ್ಬಿಡೋ, ನನ್ ಮುಖ ಯಾಕ್ ಬೇಕು, ನಿಮ್ಮಪ್ಪಂದೇ ಹಾಕು' ಅಂದೆಯಲ್ಲ, ಆ ಮಾತು ಚಪ್ಪಲಿಗಿಂತ ಜೋರಾಗಿ ಬಿತ್ತು. ಅಳಿಸಲು ಕೂತೆ. ಅಪ್ಪ ಹಿಂದೆ ಬಂದು ನಿಂತರು. ನಿನ್ನ ಫೋಟೋ ನೋಡಿ, 'ಹಾರ ತೆಗಿ. ಅವಳ್ನ ಬಿಡು' ಅಂದರು. ಅಷ್ಟೇ ಅಂದು ಹೊರಗೆ ಹೋದರು.

ಹೊಸ ಪುಟದಲ್ಲಿ ಕಪ್ಪಿಲ್ಲ, ವರ್ಷಗಳಿಲ್ಲ, ನನ್ನ ಸಾಲೂ ಇಲ್ಲ. ನೀನು ಡಬ್ಬ ಹಿಡಿದು ಬಾಯಿ ತೆರೆದು ಕೂಗುತ್ತಿರುವ ಫೋಟೋ, ಆವತ್ತು ಜನರ ನಡುವೆ ನಿಂತು ತೆಗೆದದ್ದು, ತಿಪ್ಪೇಶನ ಫೋನಿನಲ್ಲಿತ್ತು, ಅದನ್ನೇ ಹಾಕಿದೆ. 'ಯಶೋದಮ್ಮನ ಹುಚ್ಚೆಳ್ಳು ಚಟ್ನಿಪುಡಿ' ಅಂತ ಹೆಸರು. ಕೆಂಚಮ್ಮ ಅಳುತ್ತ ಹೇಳಿದ್ದನ್ನು ಯಾವ ಪುಸ್ತಿಕೆಯೂ ಹೇಳಿಕೊಟ್ಟಿರಲಿಲ್ಲ. ಕೆಳಗಿನ ಸಾಲು ಅವಳದ್ದೇ: 'ನಿಮ್ಮ ಮನೆಯ ಉಪ್ಪು-ಖಾರ ಹೇಳಿ, ಹಾಗೇ ಮಾಡಿಕೊಡುತ್ತೇವೆ.' ಅದರ ಕೆಳಗೆ ಫೋನ್ ಬಟನ್ನು. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಒಬ್ಬರಿಗೆ ತೋರಿಸಿ, ತಕ್ಷಣ ಮುಚ್ಚಿ, ಏನು ಕಂಡಿತು ಅಂತ ಕೇಳಿದೆ. 'ಯಾರೋ ಅಮ್ಮ ಬಯ್ತಾವ್ರೆ. ಚಟ್ನಿಪುಡಿ ಮಾಡ್ತಾರೆ. ಫೋನ್ ಮಾಡ್ಬೇಕು' ಅಂದರು. ನನಗೆ ಅಳು ಬಂತು.

ಅಜ್ಜಿಯ ಪಾದಕ್ಕೆ ನನ್ನ ನಮಸ್ಕಾರ ತಿಳಿಸು, ನನ್ನ ಪರವಾಗಿ ಕ್ಷಮೆಯನ್ನೂ ಕೇಳು. ಮಾವನಿಗೆ ನಮಸ್ಕಾರ, ನಗುವುದು ಸಾಕು ಅಂತಲೂ ಹೇಳು. ಮಂಡಿಗೆ ಎಣ್ಣೆ ಹಚ್ಚಿಕೋ.

ನಿನ್ನ ಮಗ,
ತೀರ್ಥೇಶ್

ವಿ.ಸೂ.: ತಿಪ್ಪೇಶ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಹೇಳಲು ಹೆದರಿ ಕೊನೆಗೆ ಉಳಿಸಿಕೊಂಡೆ: ಆ ಬಟನ್ನು ಒತ್ತಿದರೆ ಅಪ್ಪನ ಫೋನಲ್ಲ, ನಿನ್ನ ಫೋನು ಹೊಡೆದುಕೊಳ್ಳುತ್ತದೆ. ಅಪ್ಪನನ್ನು ಕೇಳಿಯೇ ಹಾಕಿದ್ದು. 'ನಂಗೇನ್ ಗೊತ್ತು ಯಾರ್ಮನೆ ಉಪ್ಪು' ಅಂದರು. ಇವತ್ತು ಎಲ್ಲ ಗ್ರೂಪಿಗೂ ಮತ್ತೆ ಕಳಿಸಿದ್ದೇನೆ. ಫೋನ್ ಬಂದರೆ ನೀನೇ ಎತ್ತು, ಮಾವನ ಕೈಗೆ ಕೊಡಬೇಡ. ನೀನು ಸತ್ತೆ ಅಂತ ಇನ್ನೂ ನಂಬಿರುವವರಿಗೆ ನಿನ್ನ ದನಿಯೇ ಸಾಕು. ಕಾಗೆ ವಿಷಯ ಕೇಳಿಯೇ ಕೇಳುತ್ತಾರೆ. ಆಗ ನನ್ನನ್ನು ಉಳಿಸಲು ಹೋಗಬೇಡ ಅಮ್ಮಾ. 'ಕಾಗೆ ಅಲ್ಲ, ನನ್ನ ಮಗ' ಅನ್ನು. ಆಮೇಲೆ ಅವರ ಮನೆ ಉಪ್ಪು ಕೇಳು.