ಫಿರಂಗಿಯ ಹಿಂದಿನ ಉತ್ತರ

ಮಾರ್ಚ್ ೯, ಸರಸೋಟ

ನಿದ್ದೆ ಹತ್ತುತ್ತಿಲ್ಲ. ಇವತ್ತು ಮಗಳು ಇಲೋನಾ ಸರ್ಕಸ್ಸಿನ ಫಿರಂಗಿಯಿಂದ ಮೊದಲ ಸಲ ಹಾರಿದಳು. ಬಲೆ ಎಲ್ಲಿ ಕಟ್ಟಬೇಕೆಂದು ಲೆಕ್ಕ ಹಾಕಿದ್ದು ನಾನೇ.

ಅವಳ ಹಾರಾಟದ ವರ್ಗ ಸಮೀಕರಣ ಬಿಡಿಸಿದರೆ, ಗೆರೆ ನೆಲ ಮುಟ್ಟುವ ಜಾಗಕ್ಕೆ ಎರಡು ಉತ್ತರ. ಒಂದು ಮುಂದೆ, ಬಲೆಯ ಕಡೆ. ಇನ್ನೊಂದು ಫಿರಂಗಿಯ ಬಾಯಿಗಿಂತ ಹದಿನೇಳು ಅಡಿ ಹಿಂದೆ.

"ಅದನ್ನ ಹೊಡೆದುಹಾಕೇ, ಹಿಂದಕ್ಕೆ ಯಾರು ಹಾರ್ತಾರೆ?" ಎಂದು ಗಂಡ ತಿಬೋರ್ ನಕ್ಕ. ಹೊಡೆದುಹಾಕಿದೆ.

ನಮ್ಮ ಸರ್ಕಸ್ಸಿನ ರೂಢಿಯಂತೆ ಹಾರುವವರ ತಾಯಿ ಫಿರಂಗಿಯ ಬುಡದಲ್ಲಿ ನಿಲ್ಲಬೇಕು. ನಿಂತೆ.

"ಅಮ್ಮಾ, ಕಣ್ಣು ಮುಚ್ಕೊಂಡ್ರೆ ನೋಡು!" ಕೊಳವೆಯೊಳಗಿಂದ ಇಲೋನಾ ಕೂಗಿದಳು.

ಮುಚ್ಚಿಕೊಂಡೆ. ಬಲೆ ಕುಲುಕಿದ ಸದ್ದು, ಆಮೇಲೆ ಅವಳ ನಗು.

ಫಿರಂಗಿಯ ಬಾಯಿಯ ಕೆಳಗಿನಿಂದ ಬುಡದವರೆಗೂ ಹಾಸಿದ್ದ ಅಳತೆಪಟ್ಟಿ ಸುತ್ತುವಾಗ ಕಂಡಿತು: ನಾನು ನಿಂತದ್ದು ಆ ಹದಿನೇಳನೇ ಅಡಿಯಲ್ಲೇ. ಅವಳು ಹಾರಿದ ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಏಳುವುದು ನನ್ನ ಪಾದದಿಂದ. ನಾಳೆ ಅಲ್ಲೇ ಕಣ್ಣು ತೆರೆದೇ ನಿಲ್ಲುತ್ತೇನೆ.