ನೀಲಿ ಟೈಲ್ಸ್ ಹಿಂದಿನ ವಾಲ್ವ್

ಅಪ್ಪಾ,

ನೀನಿದ್ದಿದ್ದರೆ ಇದನ್ನು ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ. ನಾನೀಗ ಫೆಸಿಲಿಟಿ ಮ್ಯಾನೇಜ್‌ಮೆಂಟ್ ಓದುತ್ತಿದ್ದೇನೆ. ಕಟ್ಟಡದ ಕೀಲಿ ಕೊಟ್ಟು ನೀನು ಕೈತೊಳೆದುಕೊಳ್ಳುತ್ತಿದ್ದೆಯಲ್ಲ, ಅಲ್ಲಿಂದ ಶುರುವಾಗುವ ಕೆಲಸ ಇದು.

ಇವತ್ತು ಪ್ರಾಕ್ಟಿಕಲ್ ಪರೀಕ್ಷೆಗೆ ನಮ್ಮನ್ನು ಕರೆದೊಯ್ದದ್ದು ನೀನು ಕಟ್ಟಿದ ಹಾಸ್ಟೆಲ್ಲಿಗೆ. ಅಲ್ಲಿನ ಸ್ನಾನದ ಮನೆಯಲ್ಲಿ ಪೈಪು ಸೋರುತ್ತಿತ್ತು. ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆಯೆಂದು ಯಾರಿಗೂ ತಿಳಿಯಲಿಲ್ಲ. ಗೋಡೆಯ ಅಂದ ಕೆಡುತ್ತದೆಂದು ನೀನು ಯಾವತ್ತೂ ವಾಲ್ವಿಗೆ ಬಾಗಿಲು ಬಿಟ್ಟವನಲ್ಲ. ಹಾಗಾಗಿ ನಾನು ಟೈಲ್ಸ್ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಜಾಗ ತೋರಿಸಿದೆ. ಪ್ಲಂಬರ್ ಒಡೆದ. ವಾಲ್ವ್ ಅಲ್ಲೇ ಇತ್ತು.

"ಯಾವ ಪುಣ್ಯಾತ್ಮನಪ್ಪಾ ಇದನ್ನ ಕಟ್ಟಿದ್ದು? ವಾಲ್ವಿಗೆ ಸಮಾಧಿ ಕಟ್ಟಿಬಿಟ್ಟಿದಾನಲ್ಲ!" ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ನಿನಗೆ ಹೇಗಮ್ಮಾ ಗೊತ್ತಾಯ್ತು?"

"ಸುಮ್ಮನೆ ಅಂದಾಜು ಸಾರ್."

ಎಲ್ಲರಿಗಿಂತ ಹೆಚ್ಚು ಅಂಕ ನನಗೇ ಬಂತು.

ಹೊರಡುವಾಗ ಒಡೆದ ಚೂರುಗಳು ಕಾಲಿಗೆ ಸಿಕ್ಕವು. ಟೈಲ್ಸ್ ಅಂಗಡಿಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, "ಯಾವುದು ಬೇಕೋ ಆರಿಸು ಪುಟ್ಟಿ" ಎಂದಿದ್ದೆಯಲ್ಲ, ಅದೇ ನೀಲಿ. ಆಮೇಲೆ ಕಟ್ಟಡ ನೋಡಲು ಬಂದವರನ್ನೆಲ್ಲ ನೀನು ಮೊದಲು ಸ್ನಾನದ ಮನೆಗೇ ಎಳೆದೊಯ್ಯುತ್ತಿದ್ದೆ. ಯಾರೂ ಕೇಳದಿದ್ದರೂ, "ನನ್ನ ಮಗಳು ಆರಿಸಿದ್ದು" ಎನ್ನುತ್ತಿದ್ದೆ.

ಯಾರು ಕಟ್ಟಿದ್ದೆಂದು ಇವತ್ತು ಮೇಷ್ಟ್ರು ಕೇಳಿಯೇ ಕೇಳಿದರು, ಅಪ್ಪಾ. ಅಷ್ಟೇ ಪುಟ್ಟದೊಂದು ಉತ್ತರ ಸಾಕಿತ್ತು.