ಕಲೆಗೆ ಹಿಡಿದ ಟೇಪು

ಅಂಗಡಿಯಿಂದ,
ತಾರೀಖು ಒಂಬತ್ತು, ಮಂಗಳವಾರ ಮಧ್ಯಾಹ್ನ

ನನ್ನ ಚೋಟಿಗೆ, ಸಿಟ್ಟಿನಲ್ಲಾದರೂ ಸರಿ ಕೊನೆಯವರೆಗೆ ಓದು ಎಂದು ಬೇಡಿಕೊಳ್ಳುವ ಅಕ್ಕನ ಪ್ರೀತಿ.

ಹರಿಯಬೇಡ. ಈ ಹನ್ನೊಂದು ವರ್ಷದಲ್ಲಿ ನಾನು ಬರೆದ ಮೂರು ಕಾಗದಗಳು ಒಡೆಯದೆ ವಾಪಸ್ಸು ಬಂದಿವೆ. ಅದಕ್ಕೇ ಈ ಸಲ ಲಕೋಟೆಯ ಮೇಲೆ ಚಿಕ್ಕಮ್ಮನ ಕೈಯಲ್ಲಿ ವಿಳಾಸ ಬರೆಸಿದ್ದೇನೆ. ಮೋಸವೇ ಸರಿ, ಏನು ಮಾಡಲಿ? ಇಪ್ಪತ್ತೆರಡನೇ ತಾರೀಖು ನಿನಗೆ ಗರ್ಭಕೋಶದ ಆಪರೇಷನ್ ಇದೆ ಎಂದು ಮೊನ್ನೆ ಅವಳು ಬಾಯಿ ಬಿಟ್ಟಳು. ನಾನು ಹೇಳಬೇಕಾದ ವಿಷಯವನ್ನು ಅವಳ ಬಾಯಲ್ಲೇ ಹೇಳಿಸಿ ನೋಡಿದೆ. ಅಕ್ಕ ಹೇಳಿ ಕಳಿಸಿದ ಮಾತು ಅಂದ ಕೂಡಲೇ ಫೋನ್ ಇಟ್ಟೆಯಂತೆ. ಆಪರೇಷನ್ನಿಗೆ ಮೊದಲು ನೀನು ರಕ್ತದ ಡಾಕ್ಟರನ್ನು ಕಾಣಲೇಬೇಕು. ಇಷ್ಟು ಓದಿ ಉಳಿದದ್ದು ಎಸೆದರೂ ಬೇಜಾರಿಲ್ಲ.

ಯಾಕೆಂದು ಹೇಳುತ್ತೇನೆ. ಹೋದ ತಿಂಗಳು ಒಂದು ದವಡೆ ಹಲ್ಲು ಕೀಳಿಸಿದೆ. ಒಂದೇ ಒಂದು ಹಲ್ಲು. ಮೂರು ದಿನ ರಕ್ತ ನಿಲ್ಲಲಿಲ್ಲ. ಹತ್ತಿ ಕಚ್ಚಿಕೊಂಡು ಗಿರಾಕಿಗಳ ಹತ್ತಿರ ಮೂಗಿಯ ಹಾಗೆ ಕೈಸನ್ನೆ ಮಾಡುತ್ತಿದ್ದೆ. 'ಅಂತೂ ಟೈಲರಮ್ಮನ ಬಾಯಿಗೂ ಹೊಲಿಗೆ ಬಿತ್ತು' ಎಂದು ಒಬ್ಬ ನಕ್ಕ. ಹಲ್ಲಿನ ಡಾಕ್ಟರು ಮಾತ್ರ ನಗಲಿಲ್ಲ. ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೋದ ಬುಧವಾರ ಹೋಗಿಬಂದೆ.

ನೀನು ಹೋಗುವಾಗ ಹೆದರಬಾರದೆಂದು ಎಲ್ಲ ಬಿಡಿಸಿ ಬರೆಯುತ್ತೇನೆ. ಬಾಗಿಲ ಮೇಲೆ ರಕ್ತರೋಗ ಎಂದು ಒಂದು ಸಾಲು, ಅದರ ಕೆಳಗೆ ಕ್ಯಾನ್ಸರ್ ಎಂದು ಇನ್ನೊಂದು ಸಾಲು ಇರುತ್ತದೆ. ನನ್ನ ಹಾಗೆ ಅದನ್ನು ಓದಿ ಗಾಬರಿಯಾಗಬೇಡ. ಎರಡಕ್ಕೂ ಒಂದೇ ವಿಭಾಗ ಅಷ್ಟೆ, ಒಳಗೆ ಹೋದವರಿಗೆಲ್ಲ ಅದೇ ಕಾಯಿಲೆ ಇರುತ್ತದೆ ಎಂದೇನಿಲ್ಲ. ಯಾರೂ ಹೇಳದಿದ್ದರೂ ನಾನು ಉಪವಾಸ ಹೋಗಿ ತಲೆ ಸುತ್ತಿಸಿಕೊಂಡೆ, ಪೆದ್ದಿ! ತಿನ್ನಬೇಡ ಎಂದು ಅವರು ಹೇಳದಿದ್ದರೆ ಹೊಟ್ಟೆತುಂಬ ತಿಂದು, ನೀರು ಕುಡಿದು ಹೋಗು. ಸಡಿಲ ತೋಳಿನ ಅಂಗಿ ಹಾಕಿಕೋ. ನುಂಗುವ ಮಾತ್ರೆಗಳನ್ನೆಲ್ಲ, ತಲೆನೋವಿನದನ್ನೂ ಬಿಡದೆ, ಚೀಲಕ್ಕೆ ತುಂಬಿಕೊಂಡು ಹೋಗು.

ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ ಎಂದು ಆಸ್ಪತ್ರೆಯವರು ಕಳಿಸಿದ ಕಾಗದದಲ್ಲಿತ್ತು. ನನಗೆ ಯಾರಿದ್ದಾರೆ ಹೇಳು? 'ಜೊತೇಲಿ ಯಾರು ಬಂದಿದಾರೆ' ಎಂದು ಕೌಂಟರಿನಾಕೆ ಕೇಳಿದಾಗ, ತಂಗಿ ಬಂದಿದ್ದಾಳೆ, ಗಾಡಿ ನಿಲ್ಲಿಸುವುದಕ್ಕೆ ಹೋಗಿದ್ದಾಳೆ ಅಂದುಬಿಟ್ಟೆ. ಆಮೇಲೆ ನೋಡು ಫಜೀತಿ. ಆಕೆ ನನ್ನ ಪಕ್ಕದ ಕುರ್ಚಿಯ ಮೇಲೆ ಫೈಲು ಇಟ್ಟು ಜಾಗ ಹಿಡಿದಳು. ಕಾಲುನೋವಿನ ಮುದುಕರೊಬ್ಬರು ಕೂರಲು ಬಂದರೆ, 'ಅದು ಅವರ ತಂಗಿಗೆ' ಎಂದು ತಡೆದಳು. ಒಂದೂವರೆ ಗಂಟೆ ಆ ಮುದುಕರು ನಿಂತೇ ಇದ್ದರು, ನಾನು ತಲೆ ತಗ್ಗಿಸಿ ಕೂತೇ ಇದ್ದೆ. ಒಳಗೆ ಹೋದರೆ ಡಾಕ್ಟರು ಇನ್ನೊಂದು ಕುರ್ಚಿ ತರಿಸಿ, 'ನಿಮ್ಮ ತಂಗಿ ಬರಲಿ, ಮನೆಯವರ ವಿಷಯಾನೂ ಕೇಳೋದಿದೆ' ಅಂದರು. ಇಬ್ಬರೂ ಬಾಗಿಲ ಕಡೆ ನೋಡುತ್ತ ಕೂತೆವು. ನೀನು ಬರುವುದಿಲ್ಲ ಎಂದು ಗೊತ್ತಿದ್ದೂ ನಾನು ನೋಡುತ್ತಿದ್ದೆ ಚೋಟೀ. ಕೊನೆಗೆ, ಗಾಡಿಗೆ ಜಾಗ ಸಿಕ್ಕಿಲ್ಲವೇನೋ, ಶುರುಮಾಡಿ ಅಂದೆ.

ಡಾಕ್ಟರು ಹೆಂಗಸು. ನನಗೆ ಮಗಳಿದ್ದಿದ್ದರೆ ಅಷ್ಟೇ ವಯಸ್ಸಾಗಿರುತ್ತಿತ್ತು. ಏನೇನೋ ಕೇಳುತ್ತಾರೆ, ನಾಚಿಕೊಳ್ಳಬೇಡ. ಮುಟ್ಟು ಎಷ್ಟು ದಿನ ಇರುತ್ತಿತ್ತು, ದಿನಕ್ಕೆ ಎಷ್ಟು ಸಲ ಬಟ್ಟೆ ಬದಲಾಯಿಸುತ್ತಿದ್ದೆ, ಮೂಗಿನಿಂದ ರಕ್ತ ಸುರಿಯುತ್ತಿತ್ತೇ, ಅಮ್ಮನ ಹೆರಿಗೆ ಹೇಗಾಯಿತು. ನಿನ್ನನ್ನು ಹೆತ್ತ ಮೇಲೆ ಅಮ್ಮ ಮೂರು ತಿಂಗಳು ಹಾಸಿಗೆ ಬಿಟ್ಟೇಳಲಿಲ್ಲ ಅಂದೆ. ನಮ್ಮ ಮನೆ ಹೆಣ್ಣುಮಕ್ಕಳಿಗೆ ರಕ್ತ ಜಾಸ್ತಿ ಎಂದು ಅಜ್ಜಿ ಜಂಬ ಕೊಚ್ಚಿಕೊಳ್ಳುತ್ತಿದ್ದದ್ದನ್ನೂ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. 'ರಕ್ತ ಜಾಸ್ತಿ ಅಲ್ಲಮ್ಮ, ಹೆಪ್ಪುಗಟ್ಟೋ ಶಕ್ತಿ ಕಮ್ಮಿ ಇರಬಹುದು. ಅದು ತಾಯಿಯಿಂದ ಮಕ್ಕಳಿಗೆ ಬರುತ್ತೆ' ಅಂದರು.

ಆಮೇಲೆ ನನ್ನ ಕಾಲಿನ ನೀಲಿ ಕಲೆಗಳನ್ನು ನೋಡಿ ದನಿ ತಗ್ಗಿಸಿದರು. 'ಮನೇಲಿ ಯಾರಾದ್ರೂ ಕೈ ಮಾಡ್ತಾರಾ? ಹೆದರಬೇಡಿ, ಹೇಳಿ' ಅಂದರು. ನನಗೆ ನಗು ಬಂತು. ಕೈ ಮಾಡುವುದಕ್ಕೆ ಮನೆಯಲ್ಲಿ ಇನ್ನೊಂದು ಜೀವ ಬೇಕಲ್ಲ ತಾಯಿ, ಇದು ಬಟ್ಟೆ ಕತ್ತರಿಸುವ ಮೇಜು ತಗುಲಿದ್ದು, ನಂಬಿ ಅಂದೆ. ಅಂದವಳಿಗೆ ನಿನ್ನ ನೆನಪಾಯಿತು. ಹೀಗೇ ನಂಬು ಎಂದು ಹೇಳಿದವಳನ್ನು ನಾನು ನಂಬಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅವತ್ತು ನಿನಗೊಂದು ಕೋಟು ಹೊಲಿಯಲು ಅಳತೆ ತೆಗೆಯುವಾಗ ನಿನ್ನ ತೋಳಿನ ಮೇಲೆ ಸಾಲಾಗಿ ನಾಲ್ಕು ಕಲೆ ಕಂಡೆ. ಬಸ್ಸಿಳಿಯುವಾಗ ಜಾರಿದೆ, ಬೀಳದ ಹಾಗೆ ಅವರು ಹಿಡಿದುಕೊಂಡರು ಅಷ್ಟೇ ಕಣೇ ಅಂದೆ ನೀನು. ಕಣ್ಣಳತೆಯಲ್ಲೇ ಊರಿನವರ ತೋಳು ಭುಜ ಹೊಲಿದು ಕೊಟ್ಟವಳು ನಾನು, ನನ್ನ ಕಣ್ಣು ತಪ್ಪುವುದುಂಟೇ ಎಂಬ ಸೊಕ್ಕು. ಕಲೆಯಿಂದ ಕಲೆಗೆ ಟೇಪು ಹಿಡಿದೆ. ನಿನ್ನನ್ನು ಕರೆದೊಯ್ಯಲು ಬಂದ ನಿಮ್ಮವರ ಕೈ ಎಳೆದು, ಗಿರಾಕಿಗಳೆಲ್ಲರ ಎದುರು ಅವರ ಬೆರಳಿಗೂ ಅದೇ ಟೇಪು ಹಿಡಿದೆ. ಅಳತೆ ಸರಿಹೋಯಿತು. ಹೆಂಡತಿಗೆ ಹೊಡೆಯುವವನು ಎಂದು ಬೀದಿಗೆ ಕೇಳುವಂತೆ ಕೂಗಿದೆ. ಆ ಮನುಷ್ಯ ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನೂ ಮರೆತು ನಿಂತಿದ್ದರು. ನೀನು ಆ ಕೈ ಹಿಡಿದುಕೊಂಡು ಹೊರಟುಹೋದೆ.

ಆಸ್ಪತ್ರೆಯಲ್ಲಿ ಕೊನೆಗೆ ರಕ್ತ ತೆಗೆಯುತ್ತಾರೆ. ಏಳು ಪುಟ್ಟ ಸೀಸೆ. ನೋಡಿದರೆ ಗಾಬರಿ, ಎಲ್ಲ ಸೇರಿಸಿದರೂ ಅರ್ಧ ಲೋಟವಾಗುವುದಿಲ್ಲ. ಒಬ್ಬರು ಸೂಜಿ ಹಾಕುವಾಗ ನಾನು ನಡುಗಿದ್ದು ಕಂಡು ವಯಸ್ಸಾದ ನರ್ಸೊಬ್ಬರು ನನ್ನ ಇನ್ನೊಂದು ತೋಳನ್ನು ಹಿಡಿದುಕೊಂಡರು. ಎಷ್ಟು ಮೆತ್ತಗೆ ಹಿಡಿದರು ಗೊತ್ತಾ! ನನ್ನನ್ನು ಯಾರಾದರೂ ಹಾಗೆ ಹಿಡಿದು ವರ್ಷಗಳೇ ಆಗಿದ್ದವು, ಕಣ್ಣಲ್ಲಿ ನೀರು ಬಂತು. ಮರುದಿನ ಸ್ನಾನಕ್ಕೆಂದು ಅಂಗಿ ತೆಗೆದು ನೋಡುತ್ತೇನೆ, ಆ ತೋಳಿನ ಮೇಲೆ ಸಾಲಾಗಿ ನಾಲ್ಕು ನೀಲಿ ಕಲೆ. ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತೆ ಕಣೇ. ನಿನ್ನನ್ನು ಕಾಪಾಡಲು ಹೋಗಿ ಕಳೆದುಕೊಂಡೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಇಷ್ಟು ವರ್ಷ ಬದುಕಿದ್ದೆ. ಅದೂ ಹೋಯಿತು.

ಮೊದಲ ದಿನವೇ ಇಂಥ ಕಾಯಿಲೆ ಎಂದು ಅವರು ಹೇಳುವುದಿಲ್ಲ. ವರದಿ ಬರಲು ಮೂರು ವಾರ ಬೇಕು. ಅದು ಬಂದ ಮೇಲೆ ಬರೆಯೋಣ, ತಪ್ಪೊಪ್ಪಿಕೊಳ್ಳುವಾಗ ಕೈಯಲ್ಲೊಂದು ಆಧಾರವಾದರೂ ಇರಲಿ ಎಂದುಕೊಂಡಿದ್ದೆ. ಅಷ್ಟರಲ್ಲಿ ನಿನ್ನ ಆಪರೇಷನ್ ಮುಗಿದಿರುತ್ತದೆ. ನಿನ್ನೆ ಮತ್ತೆ ಆಸ್ಪತ್ರೆಗೆ ಓಡಿ ಡಾಕ್ಟರಿಗೆ ನಿನ್ನ ವಿಷಯ ಹೇಳಿದೆ. 'ಆಪರೇಷನ್ ಮಾಡೋರಿಗೆ ಕೂಡಲೇ ತಿಳಿಸಿ. ಮೊದಲೇ ಗೊತ್ತಿದ್ರೆ ಔಷಧಿ ಕೊಟ್ಟು ಮಾಡ್ತಾರೆ, ಗೊತ್ತಿಲ್ಲದೆ ಕೊಯ್ದರೆ ರಕ್ತ ನಿಲ್ಲಿಸೋದು ಕಷ್ಟ' ಅಂದರು. ಅವರು ನಿನ್ನ ಹೆಸರಿಗೆ ಬರೆದುಕೊಟ್ಟ ಚೀಟಿ ಇದರ ಜೊತೆಗಿದೆ. ನನಗೆ ಕಾಯಿಲೆ ಇರಬಹುದು, ಇಲ್ಲದಿರಬಹುದು. ನಿಮ್ಮವರ ವಿಷಯದಲ್ಲಿ ನಾನು ಮಾಡಿದ್ದು ತಪ್ಪು, ಅದಕ್ಕೆ ವರದಿ ಬೇಕಿಲ್ಲ.

ಅವರಿಗೂ ಇದನ್ನು ಓದಿ ಹೇಳು.

ನೀನು ಕರೆದರೂ ಕರೆಯದಿದ್ದರೂ ನಿನ್ನವಳಾದ,
ಅಕ್ಕ

ಮತ್ತೆ: ಅಂಟಿಸಿದ ಲಕೋಟೆಯನ್ನು ಒಡೆದು ಇದನ್ನು ಬರೆಯುತ್ತಿದ್ದೇನೆ. ನಿಮ್ಮವರು ಮೇಷ್ಟ್ರಾಗಿದ್ದ ಶಾಲೆಗೆ, ಈತ ಮನೆಯಲ್ಲಿ ಹೊಡೆಯುತ್ತಾನೆ, ಮಕ್ಕಳನ್ನು ಇವನ ಕೈಗೆ ಕೊಡಬೇಡಿ ಎಂದು ಯಾರೋ ಹೆಸರಿಲ್ಲದ ಕಾಗದ ಬರೆದು ಅವರ ಕೆಲಸ ಹೋಯಿತಲ್ಲ, ಅದು ಯಾರೆಂದು ನೀವಿಬ್ಬರೂ ಇವತ್ತಿಗೂ ಯೋಚಿಸುತ್ತೀರಂತೆ. ನಾನೇ. ಎಡಗೈಯಲ್ಲಿ ಬರೆದೆ. ಇದನ್ನು ಮುಚ್ಚಿಟ್ಟರೆ ನೀನು ಎಂದಾದರೂ ನನ್ನ ಬಾಗಿಲಿಗೆ ಬಂದೀಯೇನೋ ಎಂದು ಆಸೆಯಿತ್ತು. ಆದರೆ ಅರ್ಧ ಸುಳ್ಳಿನ ಜೊತೆ ಬಂದ ಚೀಟಿಯನ್ನು ನಂಬು ಎಂದು ಯಾವ ಬಾಯಲ್ಲಿ ಹೇಳಲಿ? ಬರಬೇಡ, ಕ್ಷಮಿಸಲೂ ಬೇಡ. ಆ ರಕ್ತದ ಡಾಕ್ಟರ ಹತ್ತಿರ ಹೋಗು. ನಿಮ್ಮವರನ್ನು ಜೊತೆಗೆ ಕರೆದುಕೊಂಡು ಹೋಗು, ಒಬ್ಬಳೇ ಹೋಗಬೇಡ.